ಪೆಟ್ಟಿಗೆ ಬದಲಿಸುವ ಮುಂಚೆ ತುದಿ ನೋಡಿ: ಫೈಬರ್ ಮತ್ತು ಲ್ಯಾನ್ ಕೇಬಲ್ ದೋಷ ಹುಡುಕುವ ಕೈಪಿಡಿ

ನೆಟ್ ಬರ್ತಿಲ್ಲ ಅಂದ ಕೂಡಲೇ ಮೋಡೆಮ್ ಆಫ್ ಮಾಡಿ ಆನ್ ಮಾಡುತ್ತೇವೆ. ಅದು ಸರಿಯೇ. ಅದರಿಂದ ಸರಿಹೋಗದಿದ್ದರೆ ಮಾತ್ರ ‘ಮೋಡೆಮ್ ಹೋಗಿದೆ, ಹೊಸದು ಹಾಕಿ’ ಅಂದುಬಿಡುತ್ತೇವೆ. ಹಣ, ಸಮಯ ಎರಡೂ ಹಾಳಾಗುವುದು ಇಲ್ಲೇ. ಸಲಕರಣೆ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಒಳಗಿನ ಸರ್ಕ್ಯೂಟನ್ನು ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿಯೇ ಕಳಿಸಿರುತ್ತಾರೆ. ಕೇಬಲ್ ತುದಿ ಹಾಗಲ್ಲ. ಅದನ್ನು ಯಾರೋ ಏಣಿ ಮೇಲೆ ನಿಂತು, ಬಿಸಿಲಲ್ಲೋ ಮಳೆಯಲ್ಲೋ, ಮುಂದಿನ ಮನೆಗೆ ಹೋಗುವ ಅವಸರದಲ್ಲಿ ಮಾಡಿರುತ್ತಾರೆ. ಅದಕ್ಕೇ ಹುಡುಕಾಟ ತುದಿಯಿಂದ ಶುರುವಾಗಬೇಕು.

ಈ ಕೈಪಿಡಿ ಸಾಮಾನ್ಯವಾಗಿ ಕಾಣುವ ಒಂದು ಜೋಡಣೆಗೆ ಸಂಬಂಧಿಸಿದ್ದು. ಕಂಬದಿಂದ ಡ್ರಾಪ್ ಕೇಬಲ್‌ನಲ್ಲಿ ಫೈಬರ್, ಅಂದರೆ ಬೆಳಕು ಒಯ್ಯುವ ಗಾಜಿನ ಎಳೆ, ಬರುತ್ತದೆ. ಗೋಡೆಯ ಚಿಕ್ಕ ಬಾಕ್ಸ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಚಿಕ್ಕ ಕೇಬಲ್) ಮೂಲಕ ಓಎನ್‌ಟಿಗೆ ಹೋಗುತ್ತದೆ. ನಾವು ಮನೆಯಲ್ಲಿ ಮೋಡೆಮ್ ಅನ್ನುವುದು ಇದನ್ನೇ. ಅದರಿಂದ ಮುಂದೆ ಲ್ಯಾನ್ ಕೇಬಲ್, ಸ್ವಿಚ್ (ಒಂದು ಲ್ಯಾನ್ ಸಂಪರ್ಕವನ್ನು ಹಲವಕ್ಕೆ ಹಂಚುವ ಡಬ್ಬಿ), ಕ್ಯಾಮೆರಾ, ವೈಫೈ ಡಬ್ಬಿಗಳು. ಅಪಾರ್ಟ್‌ಮೆಂಟ್, ಶಾಲೆ, ಪಂಚಾಯಿತಿ ಕಚೇರಿ, ಅಂಗಡಿ, ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಇದೇ.

ದೀಪ ಏನು ಹೇಳುತ್ತಿದೆ

ಪವರ್ ದೀಪವೇ ಇಲ್ಲವೇ? ಮೊದಲು ಅಡಾಪ್ಟರ್ ನೋಡಿ. ಪಿನ್ ಒಂದೇ ಥರ ಇದೆ ಅಂತ ಬೇರೆ ಸಲಕರಣೆಯ ಅಡಾಪ್ಟರ್ ಚುಚ್ಚಿರುವುದು ತುಂಬಾ ಕಡೆ ಕಾಣುತ್ತದೆ. ಓಎನ್‌ಟಿಯ ಬೆನ್ನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟಾದರೂ ಇರಬೇಕು.

ಎಲ್‌ಓಎಸ್ ದೀಪ ಕೆಂಪಾಗಿದ್ದರೆ ಪೆಟ್ಟಿಗೆಗೆ ಬೆಳಕು ಬರುತ್ತಿಲ್ಲ, ಅಥವಾ ಓದಲು ಆಗದಷ್ಟು ಕಡಿಮೆ ಬರುತ್ತಿದೆ. ಇದು ಫೈಬರ್ ಕಡೆಯ ತೊಂದರೆ.

ಎಲ್‌ಓಎಸ್ ಆರಿದೆ, ಆದರೆ ಪಾನ್ ದೀಪ ಮಿನುಗುತ್ತಲೇ ಇದೆ ಅಂದರೆ ಬೆಳಕು ಬರುತ್ತಿದೆ, ಸೇವೆ ಕೊಡುವವರ ಕಡೆಯ ಯಂತ್ರ ಇನ್ನೂ ಇದನ್ನು ಸೇರಿಸಿಕೊಂಡಿಲ್ಲ. ಬೆಳಕಿನ ಅಳತೆ ಅಂಚಿನಲ್ಲಿದ್ದರೆ ಮೊದಲು ಕನೆಕ್ಟರ್ ಕ್ಲೀನ್ ಮಾಡಿ. ಅಳತೆ ಚೆನ್ನಾಗಿದ್ದೂ ಹೀಗೇ ಆದರೆ ನೋಂದಣಿಯ ವಿಷಯ. ಅದನ್ನು ಸೇವೆ ಕೊಡುವವರೇ ಸರಿಮಾಡಬೇಕು.

ಪಾನ್ ದೀಪ ಸ್ಥಿರವಾಗಿದೆ, ಎಲ್‌ಓಎಸ್ ಇಲ್ಲ, ಆದರೂ ನೆಟ್ ಇಲ್ಲ ಅಥವಾ ತುಂಬಾ ನಿಧಾನ ಅಂದಾಗ ಫೈಬರ್ ಮುಟ್ಟಲು ಹೋಗಬೇಡಿ. ನೇರ ಲ್ಯಾನ್ ಭಾಗಕ್ಕೆ ಬನ್ನಿ. ಚೆನ್ನಾಗಿರುವ ಫೈಬರ್ ಕನೆಕ್ಟರನ್ನು ಸುಮ್ನೆ ಎಳೆದು ಮತ್ತೆ ಚುಚ್ಚಿದರೆ ಇಲ್ಲದ ಧೂಳನ್ನು ನಾವೇ ಒಳಗೆ ಹಾಕಿದ ಹಾಗೆ.

ಫೈಬರ್: ಅಳೆಯದೆ ಮುಂದೆ ಹೋಗಬೇಡಿ

ಕೆಲಸಕ್ಕೆ ಮುಂಚೆ ಎರಡು ಮಾತು. ಫೈಬರ್ ತುದಿಯನ್ನಾಗಲಿ ಪೋರ್ಟ್ ಒಳಗಾಗಲಿ ಕಣ್ಣಿಟ್ಟು ನೋಡಬೇಡಿ. ಮನೆಗಳಿಗೆ ಫೈಬರ್ ಕೊಡುವ ಜಿಪಾನ್ ಪದ್ಧತಿಯಲ್ಲಿ ಕೆಳಗೆ, ಅಂದರೆ ಮನೆಗೆ, ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮೇಲೆ ಹೋಗುವುದು 1310. ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಬೆಳಕಿಲ್ಲ ಅಂತಲ್ಲ. ಇನ್ನೊಂದು, ಕತ್ತರಿಸಿದ ಗಾಜಿನ ಎಳೆಗಳನ್ನು ನೆಲಕ್ಕೆ ಬೀಳಿಸಬೇಡಿ. ಮುಚ್ಚಳವಿರುವ ಡಬ್ಬಿಗೆ ಹಾಕಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಮನೆ ಅದು.

ಈಗ ಅಳತೆ. ಪವರ್ ಮೀಟರನ್ನು 1490ಕ್ಕೆ ಇಟ್ಟು ಪ್ಯಾಚ್ ಕಾರ್ಡ್ ತುದಿಯಲ್ಲಿ ನೋಡಿ. ಮೀಟರ್ ಇಲ್ಲದಿದ್ದರೆ ಹೆಚ್ಚಿನ ಓಎನ್‌ಟಿಗಳ ಸೆಟ್ಟಿಂಗ್ ಪುಟದಲ್ಲೇ ಬರುವ ಬೆಳಕಿನ ಮಟ್ಟ ಡಿಬಿಎಂ ಲೆಕ್ಕದಲ್ಲಿ ಇರುತ್ತದೆ. 0 ಡಿಬಿಎಂ ಅಂದರೆ ಒಂದು ಮಿಲಿವಾಟ್. 3 ಡಿಬಿ ಇಳಿದರೆ ಬೆಳಕು ಅರ್ಧ. ಬಿ ಪ್ಲಸ್ ವರ್ಗದ ಜಿಪಾನ್ ಓಎನ್‌ಟಿ −8ರಿಂದ −27 ಡಿಬಿಎಂ ನಡುವೆ ಕೆಲಸ ಮಾಡುತ್ತದೆ. −27 ಅಂದರೆ ಮಿಲಿವಾಟ್‌ನ ಸುಮಾರು 500ನೇ ಒಂದು ಭಾಗ. ಅಷ್ಟು ಸಣ್ಣ ಬೆಳಕಲ್ಲೂ ಅದು ನಡೆಯುತ್ತದೆ. ಆದರೆ −26ರಲ್ಲಿ ಓಡುತ್ತಿರುವ ಲೈನನ್ನು ‘ಓಡ್ತಿದೆಯಲ್ಲ’ ಅಂತ ಬಿಟ್ಟು ಬರುವುದು ನನ್ನ ಪ್ರಕಾರ ಕೆಲಸ ಮುಗಿಸದೇ ಬಂದ ಹಾಗೆ. ಮೊದಲ ಮಳೆಗೇ ಅದು ಬೀಳುತ್ತದೆ.

ಎಷ್ಟು ಬರಬೇಕು ಅನ್ನುವುದನ್ನು ಲೆಕ್ಕ ಹಾಕಬಹುದು. ಸೇವೆ ಕೊಡುವವರ ಕಡೆಯಿಂದ ಸುಮಾರು +3 ಡಿಬಿಎಂ ಹೊರಡುತ್ತದೆ ಅಂತಿಟ್ಟುಕೊಳ್ಳಿ. ಒಂದು ಫೈಬರ್‌ನ ಬೆಳಕನ್ನು 32 ಭಾಗ ಮಾಡುವ ಸ್ಪ್ಲಿಟರ್ ಹೆಚ್ಚುಕಡಿಮೆ 17 ಡಿಬಿ ತಿನ್ನುತ್ತದೆ. ಇಡೀ ದಾರಿಯಲ್ಲಿ ಅತಿ ದೊಡ್ಡ ನಷ್ಟ ಅದೇ. ನಾಲ್ಕು ಕಿಲೋಮೀಟರ್ ಫೈಬರ್‌ಗೆ ಒಂದು ಡಿಬಿಗಿಂತ ಸ್ವಲ್ಪ ಜಾಸ್ತಿ. ಕನೆಕ್ಟರ್, ಸ್ಪ್ಲೈಸ್ (ಎರಡು ಫೈಬರ್ ಎಳೆ ಸೇರಿಸಿದ ಜಾಗ) ಎಲ್ಲ ಸೇರಿ ಎರಡು ಮೂರು ಡಿಬಿ. ಮನೆಯಲ್ಲಿ −18ರ ಆಸುಪಾಸು ಸಿಗಬೇಕು. ಸಿಕ್ಕಿದ್ದು −26 ಆದರೆ ಎಂಟು ಡಿಬಿ ಎಲ್ಲೋ ಸೋರಿದೆ. ಫೈಬರ್ ಸವೆದು ಅಷ್ಟು ನಷ್ಟ ಆಗುವುದಿಲ್ಲ. ಕೊಳೆ, ಮಡಿಕೆ, ಕೆಟ್ಟ ಜೋಡಣೆ, ಬಣ್ಣ ತಪ್ಪಿದ ಕನೆಕ್ಟರ್, ಈ ನಾಲ್ಕರಲ್ಲಿ ಒಂದಿರುತ್ತದೆ.

ಎಲ್ಲಿ ಅಂತ ಹುಡುಕುವುದು ಮೂರು ಜಾಗದಲ್ಲಿ ಅಳೆದು. ಪ್ಯಾಚ್ ಕಾರ್ಡ್ ತುದಿ, ಗೋಡೆ ಬಾಕ್ಸ್, ಕಂಬದ ಸ್ಪ್ಲಿಟರ್ ಬಾಕ್ಸ್. ಗೋಡೆ ಬಾಕ್ಸ್‌ನಲ್ಲಿ −18, ಪ್ಯಾಚ್ ಕಾರ್ಡ್ ತುದಿಯಲ್ಲಿ −25 ಇದ್ದರೆ ಏಣಿ ಹತ್ತುವ ಅಗತ್ಯವೇ ಇಲ್ಲ. ಸ್ಪ್ಲಿಟರ್‌ನಲ್ಲೇ ಕಡಿಮೆ ಇದ್ದರೆ ಮನೆಯವರನ್ನು ಕಾಡಿಸುವುದು ಬೇಡ. ತೊಂದರೆ ಅದಕ್ಕೂ ಹಿಂದಿದೆ, ಅಕ್ಕಪಕ್ಕದ ಮನೆಗಳಿಗೂ ಆಗಿರುತ್ತದೆ.

ಹಸಿರು, ನೀಲಿ

ಫೈಬರ್ ತುದಿಗೆ ಹಾಕುವ ಎಸ್‌ಸಿ ಕನೆಕ್ಟರ್‌ಗಳಲ್ಲಿ ಹಸಿರು ಅಂದರೆ ಎಪಿಸಿ, ನೀಲಿ ಅಂದರೆ ಯುಪಿಸಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ವಾಪಸ್ ಬರುವ ಬೆಳಕು ಫೈಬರ್ ಒಳಗೆ ಹಿಂದಕ್ಕೆ ಓಡಬಾರದು ಅನ್ನುವುದು ಅದರ ಉದ್ದೇಶ. ನೀಲಿಯ ತುದಿಗೆ ಆ ಓರೆ ಇಲ್ಲ. ತೊಂದರೆ ಏನೆಂದರೆ ಇವೆರಡೂ ಒಂದಕ್ಕೊಂದು ಸರಾಗವಾಗಿ ಕೂರುತ್ತವೆ. ‘ಕ್ಲಿಕ್’ ಅಂತ ಶಬ್ದವೂ ಬರುತ್ತದೆ. ಒಳಗೆ ಮಾತ್ರ ಗಾಜಿಗೆ ಗಾಜು ತಾಗದೆ ಸಂದು ಉಳಿಯುತ್ತದೆ. ಹಲವು ಡಿಬಿ ಅಲ್ಲೇ ಹೋಗುತ್ತದೆ. ಒತ್ತಿ ಹಾಕಿದರೆ ತುದಿಗೆ ಗೀರು ಬಿದ್ದು, ಆಮೇಲೆ ಸರಿಯಾದ ಜೋಡಿಗೆ ಹಾಕಿದರೂ ಮೊದಲಿನ ಹಾಗೆ ಆಗುವುದಿಲ್ಲ.

ಹಾಗಾಗಿ ಓಎನ್‌ಟಿ ಪೋರ್ಟ್‌ನ ಬಣ್ಣ, ಗೋಡೆ ಬಾಕ್ಸ್‌ನ ಕಪ್ಲರ್ (ಎರಡು ಕನೆಕ್ಟರ್ ಎದುರುಬದುರು ಕೂರುವ ತುಂಡು) ಬಣ್ಣ, ಪ್ಯಾಚ್ ಕಾರ್ಡ್‌ನ ಎರಡೂ ತುದಿಯ ಬಣ್ಣ ಒಂದೊಂದಾಗಿ ನೋಡಿ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಪೋರ್ಟ್ ಇದ್ದರೆ ಅದಕ್ಕೆಂದೇ ಒಂದು ತುದಿ ಹಸಿರು, ಒಂದು ತುದಿ ನೀಲಿ ಇರುವ ಪ್ಯಾಚ್ ಕಾರ್ಡ್ ಸಿಗುತ್ತದೆ. ಓಎನ್‌ಟಿ ಬದಲಿಸಿದ ದಿನದಿಂದ ನೆಟ್ ಬಿಟ್ಟು ಬಿಟ್ಟು ಬರುತ್ತಿದೆ ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಧೂಳು, ಮಡಿಕೆ, ಫಾಸ್ಟ್ ಕನೆಕ್ಟರ್

ಬೆಳಕು ಓಡುವ ಗಾಜಿನ ನಡುಭಾಗ ಸುಮಾರು 9 ಮೈಕ್ರಾನ್. ಇಡೀ ಗಾಜಿನ ಎಳೆ 125 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣ ಕೂಡ ಆ ನಡುಭಾಗವನ್ನು ಪೂರ್ತಿ ಮುಚ್ಚಬಲ್ಲದು. ಅದಕ್ಕೇ ತುದಿಯನ್ನು ಬಾಯಿಂದ ಊದಬಾರದು, ಅಂಗಿಗೆ ಒರೆಸಬಾರದು. ಉಸಿರಿನ ತೇವ ಕೂರುತ್ತದೆ, ಬಟ್ಟೆಯ ಎಣ್ಣೆ ಅಂಟುತ್ತದೆ. ಪೆನ್ ಥರದ ಕ್ಲಿಕ್ ಕ್ಲೀನರ್ ಸಿಗುತ್ತದೆ. ಪೋರ್ಟ್ ಒಳಗೂ ಹೋಗುತ್ತದೆ, ಪ್ಯಾಚ್ ಕಾರ್ಡ್ ತುದಿಗೂ ಆಗುತ್ತದೆ. ಎರಡೂ ಕಡೆ ಕ್ಲೀನ್ ಮಾಡಿ. ಒಂದನ್ನೇ ಮಾಡಿದರೆ ಇನ್ನೊಂದರ ಕೊಳೆ ಮತ್ತೆ ಇದಕ್ಕೆ ಹತ್ತುತ್ತದೆ. ಹೋಗದ ಕೊಳೆಗೆ ನಾರು ಬಿಡದ ಟಿಶ್ಯೂ, ಐಸೋಪ್ರೊಪೈಲ್ ಆಲ್ಕೋಹಾಲ್. ಹಚ್ಚಿದ ಮೇಲೆ ಒಣ ಟಿಶ್ಯೂನಿಂದ ಒರೆಸುವುದು ಮರೆಯಬೇಡಿ. ಕ್ಲೀನ್ ಮಾಡಿ ಮತ್ತೆ ಅಳೆಯಿರಿ. ಎಷ್ಟೋ ಸಲ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಮಡಿಕೆ ವಿಷಯಕ್ಕೆ ಬಂದರೆ, ಹಳೆಯ ಜಿ.652 ಫೈಬರ್‌ಗೆ 30 ಮಿಲಿಮೀಟರ್ ತ್ರಿಜ್ಯದ ಬಾಗು ಬೇಕು. ಮನೆಯೊಳಗೆ ಹಾಕುವ ಜಿ.657 ಎ1 ಫೈಬರ್‌ಗೆ 10, ಎ2ಗೆ 7.5 ಸಾಕು. ಸೋಫಾ ಹಿಂದೆ ಸಿಕ್ಕಿಕೊಂಡ ಪ್ಯಾಚ್ ಕಾರ್ಡ್, ಬಾಗಿಲ ಸಂದಿನಲ್ಲಿ ಜಜ್ಜಿದ ಡ್ರಾಪ್ ಕೇಬಲ್, ಪ್ಲಾಸ್ಟಿಕ್ ಟೈ ಹಾಕಿ ಬಿಗಿದ ಸುರುಳಿ, ಇವನ್ನು ಕೈಯಿಂದ ಸವರಿ ನೋಡಿ. ರ‍್ಯಾಕ್ (ಸ್ವಿಚ್ ಕೂರಿಸುವ ಚೌಕಟ್ಟು) ಒಳಗೆ ಪ್ಲಾಸ್ಟಿಕ್ ಟೈ ಬದಲು ವೆಲ್ಕ್ರೋ ಪಟ್ಟಿ ಹಾಕಿ. ಬಾಗಿನ ನಷ್ಟಕ್ಕೆ ಒಂದು ಗುರುತಿದೆ: ತರಂಗಾಂತರ ಜಾಸ್ತಿ ಆದಷ್ಟೂ ನಷ್ಟವೂ ಜಾಸ್ತಿ. 1310ರಲ್ಲಿ ಅಳೆದಾಗ ಚೆನ್ನಾಗಿದ್ದು 1550ರಲ್ಲಿ ಕೆಟ್ಟದಾಗಿ ಬಂದರೆ ಎಲ್ಲೋ ಮಡಿಕೆ ಇದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಕೆಟ್ಟಿದ್ದರೆ ಕನೆಕ್ಟರ್ ಅಥವಾ ಸ್ಪ್ಲೈಸ್ ನೋಡಿ.

ತುಂಡಾದ ಜಾಗ ಹುಡುಕಲು ಕೆಂಪು ಲೇಸರ್ ಪೆನ್ ಸಾಕು. 650 ನ್ಯಾನೋಮೀಟರ್ ಬೆಳಕು, ಕಣ್ಣಿಗೆ ಕಾಣುತ್ತದೆ. ಎರಡೂ ತುದಿ ಸಲಕರಣೆಯಿಂದ ಬಿಡಿಸಿಕೊಂಡೇ ಹಾಕಿ. ಒಡೆದ ಕಡೆ, ಜೋರಾಗಿ ಬಾಗಿದ ಕಡೆ ಕೆಂಪಗೆ ಹೊಳೆಯುತ್ತದೆ. ಆದರೆ ದಪ್ಪ ಕಪ್ಪು ಹೊದಿಕೆಯ ಡ್ರಾಪ್ ಕೇಬಲ್‌ನಲ್ಲಿ ಹೊಳಪು ಹೊರಗೆ ಕಾಣದೇ ಇರಬಹುದು. ಅಲ್ಲಿ ಕೈ, ಕಣ್ಣೇ ಗತಿ. ಅಳಿಲು, ಇಲಿ ಕಡಿದ ಗುರುತು ನೋಡಿ. ಬೆಂಗಳೂರಲ್ಲಿ ಮರಗಳ ಮೇಲೆ ಹಾದುಹೋದ ಕೇಬಲ್‌ಗಳು ಕೊಂಬೆಗೆ ಉಜ್ಜಿ ಉಜ್ಜಿ ಹೊದಿಕೆ ಸವೆದಿರುತ್ತವೆ. ಮಲೆನಾಡಿನಲ್ಲಿ ಮಂಗಗಳು ಜೋತಾಡಿ ಎಳೆದಿರುತ್ತವೆ.

ಫಾಸ್ಟ್ ಕನೆಕ್ಟರ್ ಅಂದರೆ ಸ್ಥಳದಲ್ಲೇ ಕೈಯಲ್ಲಿ ಕೂರಿಸುವ ಕನೆಕ್ಟರ್. ಅದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಅದು ತುರ್ತಿಗೆ ಒಳ್ಳೆಯದು, ಕಾಯಂ ಕೆಲಸಕ್ಕಲ್ಲ. ಅದರೊಳಗೆ ನಾವು ಕತ್ತರಿಸಿದ ಗಾಜಿನ ತುದಿ ಇನ್ನೊಂದು ಚಿಕ್ಕ ಗಾಜಿಗೆ ತಾಗಿ ನಿಂತಿರುತ್ತದೆ, ನಡುವೆ ಒಂದು ಹನಿ ಜೆಲ್. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಫೈಬರ್ ಚೂರು ಜರುಗುತ್ತದೆ, ಜೆಲ್ ಒಣಗುತ್ತದೆ. ‘ಮಧ್ಯಾಹ್ನ ಹೋಗುತ್ತೆ, ಸಂಜೆ ತಾನಾಗೇ ಬರುತ್ತೆ’ ಅಂತ ಮನೆಯವರು ಹೇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಿಸಿಲು ಬೀಳುವ ಗೋಡೆ ಮೇಲೆ ಫಾಸ್ಟ್ ಕನೆಕ್ಟರ್ ಇದೆಯಾ ನೋಡಿ. ಅದನ್ನು ಕತ್ತರಿಸಿ ಕಾರ್ಖಾನೆಯಲ್ಲಿ ಮಾಡಿದ ಪಿಗ್‌ಟೇಲ್‌ಗೆ (ಒಂದೇ ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) ಫ್ಯೂಷನ್ ಸ್ಪ್ಲೈಸ್ ಮಾಡಿ, ಅಂದರೆ ಗಾಜಿಗೆ ಗಾಜು ಕರಗಿಸಿ ಬೆಸೆಯಿರಿ. ಸರಿಯಾಗಿ ಆದ ಸ್ಪ್ಲೈಸ್‌ನಲ್ಲಿ 0.1 ಡಿಬಿಗಿಂತ ಕಡಿಮೆ ನಷ್ಟ. ಮತ್ತೆ ಮುಟ್ಟುವ ಕೆಲಸವಿಲ್ಲ.

ಬೆಳಕು ಜಾಸ್ತಿ ಆದರೂ ತೊಂದರೆಯೇ. ಸ್ಪ್ಲಿಟರ್ ಇಲ್ಲದೆ ನೇರ ಜೋಡಿಸಿದ ಲೈನಿನಲ್ಲಿ −8ಕ್ಕಿಂತ ಮೇಲೆ ಬಂದರೆ ಓಎನ್‌ಟಿ ಓದಲಾರದು, ಕೆಡಲೂಬಹುದು. ಬೆಳಕು ಕಡಿಮೆ ಮಾಡುವ ಅಟೆನ್ಯುಯೇಟರ್ ಹಾಕಿ.

ರ‍್ಯಾಕ್‌ನಲ್ಲಿ ಎಸ್‌ಎಫ್‌ಪಿ ಇದ್ದರೆ

ಎಸ್‌ಎಫ್‌ಪಿ ಅಂದರೆ ಫೈಬರ್ ಜೋಡಿಸಲು ಸ್ವಿಚ್‌ಗೆ ಚುಚ್ಚುವ ಚಿಕ್ಕ ಮಾಡ್ಯೂಲ್. ಎರಡು ಕಟ್ಟಡದ ಸ್ವಿಚ್‌ಗಳನ್ನು ಫೈಬರ್‌ನಲ್ಲಿ ಜೋಡಿಸಿದ್ದು ಲಿಂಕ್ ದೀಪ ಬರದಿದ್ದರೆ ಕೇಬಲ್ ಬಣ್ಣ ಮತ್ತು ಎಸ್‌ಎಫ್‌ಪಿ ಮೇಲಿನ ಬರಹ ಎರಡನ್ನೂ ಹೊಂದಿಸಿ ನೋಡಿ. ಹಳದಿ ಕೇಬಲ್ ಸಿಂಗಲ್ ಮೋಡ್. ಕಿತ್ತಳೆ, ತಿಳಿ ನೀಲಿ‑ಹಸಿರು ಕೇಬಲ್ ಮಲ್ಟಿ ಮೋಡ್. 850 ನ್ಯಾನೋಮೀಟರ್‌ನ ಎಸ್‌ಎಕ್ಸ್ ಮಾಡ್ಯೂಲನ್ನು ಹಳದಿ ಕೇಬಲ್‌ಗೆ ಹಾಕಿದರೆ ನಡೆಯುವುದಿಲ್ಲ. ಎರಡು ಎಳೆಯ ಜೋಡಣೆಯಲ್ಲಿ ಒಂದು ಕಡೆ ಕಳಿಸುವ ಎಳೆ ಇನ್ನೊಂದು ಕಡೆ ತೆಗೆದುಕೊಳ್ಳುವ ಕಿಂಡಿಗೆ ಹೋಗಬೇಕು. ಲಿಂಕ್ ಬರದಿದ್ದರೆ ಒಂದು ತುದಿಯಲ್ಲಿ ಮಾತ್ರ ಎರಡೂ ಎಲ್‌ಸಿ ಕನೆಕ್ಟರ್ ಅದಲುಬದಲು ಮಾಡಿ ನೋಡಿ. ಒಂದೇ ಎಳೆಯ ಬೈಡೈ ಮಾಡ್ಯೂಲ್ ಆದರೆ ಒಂದು ಕಡೆ 1310 ಕಳಿಸಿ 1550 ತೆಗೆದುಕೊಳ್ಳುವುದು, ಇನ್ನೊಂದು ಕಡೆ ಅದರ ಉಲ್ಟಾ ಇರಬೇಕು. ಎರಡೂ ಕಡೆ ಒಂದೇ ಥರದ್ದು ಹಾಕಿದರೆ ಎಷ್ಟು ಕ್ಲೀನ್ ಮಾಡಿದರೂ ಲಿಂಕ್ ಬರುವುದಿಲ್ಲ.

ಲ್ಯಾನ್ ಕೇಬಲ್: ‘300 ಪ್ಲಾನ್ ಇದೆ, 95 ಬರ್ತಿದೆ’

ಈ ದೂರು ಕೇಳಿದ ಕೂಡಲೇ ಸೇವೆ ಕೊಡುವವರಿಗೆ ಬೈಯುವುದು ಬೇಡ. 95ರ ಆಸುಪಾಸಿಗೆ ಬಂದು ನಿಲ್ಲುವುದು 100 ಎಂಬಿಪಿಎಸ್ ಲಿಂಕ್‌ನ ಗುರುತು. 100ರ ವೇಗಕ್ಕೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅಂದರೆ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕೂತಿಲ್ಲ, ಅಥವಾ ಯಾರೋ ಒಂದೇ ಕೇಬಲ್ ಸೀಳಿ ಎರಡು ಕಂಪ್ಯೂಟರ್‌ಗೆ ಕೊಟ್ಟಿದ್ದಾರೆ. ಕೆಲವು ಸಲ ಲಿಂಕ್ ದೀಪ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಎರಡು ಕಡೆಯ ಸಲಕರಣೆ ವೇಗದ ಬಗ್ಗೆ ಮಾತಾಡಿಕೊಳ್ಳುವುದು ಮೊದಲ ಎರಡು ಜೋಡಿಯ ಮೇಲೆ ಮಾತ್ರ. ಅಲ್ಲಿ ಗಿಗಾಬಿಟ್ ಅಂತ ಒಪ್ಪಿಕೊಳ್ಳುತ್ತವೆ. ಆಮೇಲೆ ಉಳಿದ ಜೋಡಿ ಸಿಗದೆ ಲಿಂಕ್ ಬೀಳುತ್ತದೆ. ಸ್ವಿಚ್ ಕೆಟ್ಟಿದೆ ಅನ್ನಿಸುವುದು ಇಲ್ಲೇ.

ಆರ್‌ಜೆ45 ಪ್ಲಗ್‌ಗೆ ಬಿ ಕ್ರಮ ಹೀಗೆ: ಬಿಳಿ‑ಕಿತ್ತಳೆ, ಕಿತ್ತಳೆ, ಬಿಳಿ‑ಹಸಿರು, ನೀಲಿ, ಬಿಳಿ‑ನೀಲಿ, ಹಸಿರು, ಬಿಳಿ‑ಕಂದು, ಕಂದು. ‘ಎರಡೂ ಕಡೆ ಒಂದೇ ಥರ ಇದ್ದರೆ ಸಾಕು, ಬಣ್ಣ ಯಾವುದಾದರೇನು’ ಅನ್ನುವವರಿದ್ದಾರೆ. ಸಾಕಾಗುವುದಿಲ್ಲ. 3 ಮತ್ತು 6ನೇ ಪಿನ್ ಒಂದೇ ಜೋಡಿಯ ತಂತಿ ಆಗಿರಬೇಕು. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಅಂತ ಸಾಲಾಗಿ ಹಾಕಿದರೆ 3ಕ್ಕೆ ಒಂದು ಜೋಡಿಯ ತಂತಿ, 6ಕ್ಕೆ ಇನ್ನೊಂದರದ್ದು ಬರುತ್ತದೆ. ಆಗ ಹೊಸೆದ ಜೋಡಿಯ ಲಾಭವೇ ಹೋಗುತ್ತದೆ, ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ನುಗ್ಗುತ್ತದೆ. ಅಗ್ಗದ ದೀಪದ ಟೆಸ್ಟರ್ ಇದನ್ನು ಹಿಡಿಯುವುದೇ ಇಲ್ಲ. 1ರಿಂದ 8ರವರೆಗೆ ದೀಪ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಟೆಸ್ಟರ್ ಪಾಸ್ ಅಂದರೂ ಪ್ಲಗ್‌ನ ಬಣ್ಣದ ಕ್ರಮ ಕಣ್ಣಾರೆ ನೋಡಿ. ಹೊಸೆತವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಿರಬಾರದು. ಹೊರ ಹೊದಿಕೆ ಪ್ಲಗ್‌ನೊಳಗೆ ಹೋಗಿ ಹಿಡಿದುಕೊಂಡಿರಬೇಕು. ಗಟ್ಟಿ ಒಂಟಿ ತಂತಿಗೆ, ನವಿರು ಎಳೆಗಳ ತಂತಿಗೆ ಪ್ಲಗ್‌ನ ಹಲ್ಲು ಬೇರೆ ಬೇರೆ. ತಪ್ಪಾದ ಪ್ಲಗ್ ಹಾಕಿದರೆ ಇವತ್ತು ನಡೆದು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಹೊರಗಿನ ಪ್ಲಗ್‌ನ ತಾಮ್ರ ಹಸಿರುಗಟ್ಟುತ್ತದೆ. ಅದನ್ನು ಉಜ್ಜಿ ಸರಿಮಾಡಲು ಹೋಗದೆ ಕತ್ತರಿಸಿ ಹೊಸದು ಹಾಕಿ.

ಉದ್ದ 100 ಮೀಟರ್ ಮೀರಬಾರದು. ಗೋಡೆಯೊಳಗಿನದು 90, ಎರಡು ಕಡೆಯ ಪ್ಯಾಚ್ ಕಾರ್ಡ್ ಸೇರಿ 10 ಅನ್ನುವುದು ರೂಢಿಯ ಲೆಕ್ಕ. ಕರೆಂಟ್ ವೈರ್ ಜೊತೆ ಒಂದೇ ಪೈಪ್‌ನಲ್ಲಿ ಹಾಕಲೇಬಾರದು. ಅದು ವೇಗದ ಮಾತಷ್ಟೇ ಅಲ್ಲ, ಜೀವದ ಮಾತು. ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸಿ, ಉದ್ದಕ್ಕೆ ಜೊತೆಯಾಗಿ ಓಡಿಸಬೇಡಿ. ಸ್ವಿಚ್‌ನ ಪುಟದಲ್ಲಿ ಆ ಪೋರ್ಟ್‌ನ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ) ಎಣಿಕೆ ನೋಡಿ. ಸೊನ್ನೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಏರುತ್ತಲೇ ಇದ್ದರೆ ಕೇಬಲ್ ಅಥವಾ ಪ್ಲಗ್‌ನಲ್ಲಿ ತೊಂದರೆ ಇದೆ.

ರಾತ್ರಿ ಮಾತ್ರ ಸಾಯುವ ಕ್ಯಾಮೆರಾ

ಹಗಲೆಲ್ಲ ಸರಿ ಇದ್ದು ಕತ್ತಲಾದ ಮೇಲೆ ಕ್ಯಾಮೆರಾ ಬಂದ್ ಆಗಿ ಮತ್ತೆ ಶುರುವಾಗುತ್ತಿದ್ದರೆ ಕ್ಯಾಮೆರಾ ಬಿಚ್ಚಬೇಡಿ. ಇಂಥ ಕ್ಯಾಮೆರಾಗೆ ಕರೆಂಟ್ ಕೂಡ ಲ್ಯಾನ್ ಕೇಬಲ್‌ನಲ್ಲೇ ಸ್ವಿಚ್‌ನಿಂದ ಬರುತ್ತದೆ. ಕತ್ತಲಾದಾಗ ಅದರ ಇನ್‌ಫ್ರಾರೆಡ್ ದೀಪ ಹತ್ತುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಕೇಬಲ್‌ನ ಪ್ರತಿರೋಧ ಹೆಚ್ಚಿದ್ದರೆ ಆ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹೀಗೆ ಕೇಬಲ್‌ನಲ್ಲಿ ಕರೆಂಟ್ ಕೊಡುವ 2003ರ 802.3ಎಎಫ್ ಮಾನದಂಡದಲ್ಲಿ ಸ್ವಿಚ್ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, 2009ರ 802.3ಎಟಿಯಲ್ಲಿ 30. ಮೊದಲು ಕ್ಯಾಮೆರಾಗೆ ಎಷ್ಟು ಬೇಕು, ಸ್ವಿಚ್ ಎಷ್ಟು ಕೊಡುತ್ತದೆ, ಎಲ್ಲ ಪೋರ್ಟ್ ಸೇರಿ ಒಟ್ಟು ಎಷ್ಟು ತಡೆಯುತ್ತದೆ ಕೂಡಿ ನೋಡಿ.

ಲೆಕ್ಕ ಸರಿ ಇದ್ದರೆ ಕೇಬಲ್ ತಾಮ್ರದ್ದೇನಾ ಅಂತ ಪರೀಕ್ಷಿಸಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲ್ ಮಾರುಕಟ್ಟೆಯಲ್ಲಿ ಸಿಸಿಎ ಹೆಸರಲ್ಲಿ ಅಗ್ಗಕ್ಕೆ ಸಿಗುತ್ತದೆ. ಬಾಕ್ಸ್ ಎತ್ತಿದಾಗಲೇ ಹಗುರ ಅನ್ನಿಸುತ್ತದೆ. ತಂತಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಆಗಲೇ ಗೋಡೆಯೊಳಗೆ ಹೋಗಿದ್ದರೆ ಮಲ್ಟಿಮೀಟರ್ ಸಾಕು. ಎರಡೂ ತುದಿ ಸಲಕರಣೆಯಿಂದ ಬಿಡಿಸಿ. ಆ ತುದಿಯಲ್ಲಿ ಒಂದು ಜೋಡಿಯ ಎರಡು ತಂತಿ ಸೇರಿಸಿ, ಈ ತುದಿಯಲ್ಲಿ ಓಮ್ ಅಳೆಯಿರಿ. 100 ಮೀಟರ್ ಒಳ್ಳೆಯ ಕ್ಯಾಟ್5ಇ ತಾಮ್ರದ ಕೇಬಲ್‌ಗೆ ಸುಮಾರು 19 ಓಮ್ ಒಳಗೆ ಬರಬೇಕು. 50 ಮೀಟರ್‌ಗೆ ಅದರ ಅರ್ಧ. 50 ಮೀಟರ್‌ನಲ್ಲೇ 14, 15 ತೋರಿಸಿದರೆ ಅದು ಸಿಸಿಎ ಇರಬೇಕು, ಇಲ್ಲವೇ ಎಲ್ಲೋ ಕೆಟ್ಟ ಜೋಡಣೆ ಇದೆ. ಕ್ಯಾಮೆರಾಗೆ ಕರೆಂಟ್ ಹೊರುವ ಕಡೆ ಸಿಸಿಎ ಬೇಡವೇ ಬೇಡ. ತಂತಿ ಬಿಸಿಯಾಗುತ್ತದೆ. ಗಿರಾಕಿ ಅಗ್ಗದ್ದೇ ಸಾಕು ಅಂದರೂ ಒಪ್ಪಬೇಡಿ.

ಸಿಡಿಲಿನ ನಂತರ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದುಹೋದ ಮರುದಿನ ಸ್ವಿಚ್‌ನ ಒಂದೋ ಎರಡೋ ಪೋರ್ಟ್ ಮಾತ್ರ ಸತ್ತಿರುತ್ತವೆ. ಅವು ಎಲ್ಲಿಗೆ ಹೋಗುತ್ತವೆ ನೋಡಿ. ಹೊರಗಿನ ಕ್ಯಾಮೆರಾಗೋ ಪಕ್ಕದ ಕಟ್ಟಡಕ್ಕೋ ಹೋದ ತಾಮ್ರದ ಕೇಬಲ್ ಆಗಿರುತ್ತದೆ. ಸ್ವಿಚ್ ಬದಲಿಸಿ ಅದೇ ಕೇಬಲ್ ಮತ್ತೆ ಚುಚ್ಚಿದರೆ ಮುಂದಿನ ಸಿಡಿಲಿಗೆ ಹೊಸದೂ ಹೋಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿ. ಗಾಜು ಕರೆಂಟ್ ಒಯ್ಯುವುದಿಲ್ಲ. ಆದರೆ ಡ್ರಾಪ್ ಕೇಬಲ್ ಜೊತೆ ಬರುವ ಉಕ್ಕಿನ ತಂತಿ ಒಯ್ಯುತ್ತದೆ. ಅದನ್ನು ಹೊರಗೋಡೆಯ ಕೊಂಡಿಗೇ ಕಟ್ಟಿ ನಿಲ್ಲಿಸಿ, ಒಳಗೆ ತರಬೇಡಿ. ರ‍್ಯಾಕ್‌ಗೆ ಅರ್ತಿಂಗ್ ಇದೆಯಾ, ನಟ್ ತುಕ್ಕು ಹಿಡಿದು ಸಡಿಲವಾಗಿದೆಯಾ, ಅದನ್ನೂ ನೋಡಿ.

ಪೆಟ್ಟಿಗೆ ನಿಜವಾಗಿ ಹೋಗಿದೆ ಅನ್ನುವುದು ಯಾವಾಗ

ಪ್ಯಾಚ್ ಕಾರ್ಡ್ ತುದಿಯಲ್ಲಿ −18ರಂಥ ಒಳ್ಳೆಯ ಅಳತೆ ಇದೆ, ಬಣ್ಣ ಸರಿ ಇದೆ, ಎರಡೂ ಕಡೆ ಕ್ಲೀನ್ ಆಗಿದೆ, ಅಡಾಪ್ಟರ್ ಸರಿ ಇದೆ, ಆದರೂ ಎಲ್‌ಓಎಸ್ ಕೆಂಪಾಗಿದೆ. ಆಗ ಪೆಟ್ಟಿಗೆಯ ಮೇಲೆ ಅನುಮಾನ ಪಡಬಹುದು. ಅದೇ ಪ್ಯಾಚ್ ಕಾರ್ಡ್‌ಗೆ, ಅದೇ ಜಾಗದಲ್ಲಿ, ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದು ಓಎನ್‌ಟಿ ಹಾಕಿ ನೋಡಿ. ಎಲ್‌ಓಎಸ್ ಆರಿದರೆ ಹಳೆಯದು ಹೋಗಿದೆ. ನೋಂದಣಿ ಆಗಿರದ ಕಾರಣ ಪಾನ್ ಮಿನುಗುತ್ತಿರಬಹುದು, ಅದಕ್ಕೆ ಗಾಬರಿ ಬೇಡ. ಸ್ವಿಚ್ ಪೋರ್ಟ್‌ಗೂ ಇದೇ ದಾರಿ. ನಡೆಯದ ಕೇಬಲನ್ನು ನಡೆಯುವ ಪೋರ್ಟ್‌ಗೆ, ನಡೆಯುವ ಕೇಬಲನ್ನು ನಡೆಯದ ಪೋರ್ಟ್‌ಗೆ ಹಾಕಿ. ತೊಂದರೆ ಕೇಬಲ್ ಜೊತೆ ಓಡಾಡುತ್ತದಾ, ಪೋರ್ಟ್‌ನಲ್ಲೇ ಉಳಿಯುತ್ತದಾ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಹೇಳಲು ಆಗುವುದಿಲ್ಲ, ಅಲ್ವಾ?

ಹೊರಡುವ ಮುಂಚೆ ಗೋಡೆ ಬಾಕ್ಸ್‌ನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ತಾರೀಕು, ಗೋಡೆ ಬಾಕ್ಸ್‌ನ ಅಳತೆ, ಪ್ಯಾಚ್ ಕಾರ್ಡ್ ತುದಿಯ ಅಳತೆ, ಸ್ಪ್ಲಿಟರ್‌ನ ಎಷ್ಟನೇ ಕಿಂಡಿ ಅನ್ನುವುದು ಇರಲಿ. ಮಳೆ ನೀರಿಗೆ ಅಳಿಸದ ಪೆನ್‌ನಲ್ಲಿ ಬರೆಯಿರಿ.